ಟೈರಿನ ರಬ್ಬರು, ಎದೆಯ ರಬ್ಬರು

ರಕ್ತನಾಳ ಮುಚ್ಚಿಕೊಳ್ಳದಂತೆ ಒಳಗೆ ಇಡುವ ಜಾಲರಿ ಕೊಳವೆಗಳಾದ ಸ್ಟೆಂಟುಗಳಲ್ಲಿ ಕೆಲವದರ ಮೇಲೆ ರಬ್ಬರಿನ ಲೇಪನ ಇರುತ್ತದೆ ಅಂದರೆ ಜನ ಗಾಬರಿಬೀಳುತ್ತಾರೆ. ಗ್ಲೌಸು ತೊಟ್ಟರೇ ಕೈ ತುರಿಸುವವರಿದ್ದಾರೆ, ಇನ್ನು ರಕ್ತನಾಳದೊಳಗೆ ರಬ್ಬರೇ?

ಈ ತುರಿಕೆಗೆ, ಅಂದರೆ ಲ್ಯಾಟೆಕ್ಸ್ ಅಲರ್ಜಿಗೆ, ಕಾರಣ ರಬ್ಬರ್ ಮರದ ಹಾಲಿನ ಪ್ರೋಟೀನು. ಸುಳ್ಯದ ತೋಟದಲ್ಲಿ ಟ್ಯಾಪಿಂಗ್ ಮಾಡಿ ಇಳಿಸಿದ ಹಾಲಿನಲ್ಲಿ ಅದಿರುತ್ತದೆ. ಪ್ರಯೋಗಾಲಯದಲ್ಲಿ ಕಟ್ಟಿದ ಪಾಲಿಮರಿನಲ್ಲಿ ಇರುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಒಪ್ಪಿದ ಟ್ಯಾಕ್ಸಸ್ ಸ್ಟೆಂಟಿನ ಲೇಪನ ಇಂಥದ್ದೇ, ಹೆಸರು ‘ಸಿಬ್ಸ್’. ನಡುವೆ ಐಸೊಬ್ಯುಟಿಲೀನ್, ಎರಡೂ ತುದಿಗೆ ಸ್ಟೈರೀನ್. ಇದರ ಮೂಲ ಅಕ್ರಾನ್ ವಿಶ್ವವಿದ್ಯಾಲಯದ ಜೋಸೆಫ್ ಕೆನಡಿ ಅವರ ಸಂಶೋಧನೆ.

ಹೆಚ್ಚು ದಾರಿ ತಪ್ಪಿಸುವ ನಂಬಿಕೆ ಬೇರೆಯದು: ದೇಹದೊಳಗೆ ಬಿಸಿಲಿಲ್ಲ, ಕಲ್ಲುಮುಳ್ಳಿಲ್ಲ, ಟೈರಿನಲ್ಲಿ ಬಾಳಿದ್ದು ಅಲ್ಲಿ ಬಾಳದೇ? ಬಾಳುವುದಿಲ್ಲ. ಹೊರಗಿನ ವಸ್ತು ಒಳಬಂದರೆ ರೋಗನಿರೋಧಕ ಕಣಗಳು ಅದನ್ನು ಮುತ್ತಿಕೊಂಡು ಉತ್ಕರ್ಷಣೆ ಮಾಡುವ ರಾಸಾಯನಿಕಗಳನ್ನು ಸುರಿಯುತ್ತವೆ. ಸಹಜ ರಬ್ಬರಿನ ಸರಪಳಿಯ ಪ್ರತಿ ಘಟಕದಲ್ಲೂ ಒಂದು ದ್ವಿಬಂಧವಿದೆ. ಏಟು ಬೀಳುವುದು ಅಲ್ಲೇ. ಸಿಬ್ಸ್‌ನ ಐಸೊಬ್ಯುಟಿಲೀನ್ ಸರಪಳಿಯಲ್ಲಿ ದ್ವಿಬಂಧವೇ ಇಲ್ಲ. ಸಹಜ ರಬ್ಬರು ಗಟ್ಟಿಯಾಗಲು ಗಂಧಕ, ಸತುವಿನ ಆಕ್ಸೈಡ್ ಸೇರಿಸಿ ಬೇಯಿಸಬೇಕು, ಮಿಕ್ಕ ರಾಸಾಯನಿಕ ಆಮೇಲೆ ಮೆಲ್ಲಗೆ ಒಸರುತ್ತದೆ. ಸಿಬ್ಸ್‌ಗೆ ಆ ರಗಳೆಯಿಲ್ಲ. ಸ್ಟೈರೀನ್ ತುದಿಗಳು ತಾವೇ ಗುಂಪುಗಟ್ಟಿ ಗಟ್ಟಿಯಾಗಿ, ನಡುವಿನ ಮೆತ್ತನೆಯ ಎಳೆಗಳನ್ನು ಹಿಡಿದಿಡುತ್ತವೆ. (ಸೈಕಲ್ ಟ್ಯೂಬಿನ ಬ್ಯುಟೈಲ್ ರಬ್ಬರೂ ಐಸೊಬ್ಯುಟಿಲೀನ್ ವಂಶದ್ದೇ, ಆದರೆ ಅದನ್ನು ಬೇಯಿಸಲೇಬೇಕು.)

ಇನ್ನೊಂದು ನಂಬಿಕೆ ಸಿಲಿಕೋನ್ ರಬ್ಬರಿನದು. ‘ಸಿಲಿಕೋನ್ ಜಡವಸ್ತು, ಅದಕ್ಕೇನೂ ಆಗದು’ ಎನ್ನುವವರು ಸ್ಟಾರ್–ಎಡ್ವರ್ಡ್ಸ್ ಕವಾಟದ ಕತೆ ಕೇಳಬೇಕು. 1960ರಲ್ಲಿ ಬಂದ ಈ ಹೃದಯ ಕವಾಟದಲ್ಲಿ ಲೋಹದ ಪಂಜರದೊಳಗೆ ಸಿಲಿಕೋನ್ ರಬ್ಬರಿನ ಗುಂಡೊಂದು ಮೇಲೆ ಕೆಳಗೆ ಆಡುತ್ತಿತ್ತು. ಮೊದಮೊದಲಿನ ಕೆಲವು ಗುಂಡುಗಳು ರಕ್ತದ ಕೊಬ್ಬನ್ನು ಹೀರಿ ಉಬ್ಬಿದವು, ಬಣ್ಣಗೆಟ್ಟವು, ಬಿರುಕುಬಿಟ್ಟವು. ಸಿಲಿಕೋನನ್ನು ಕೈಬಿಡಲಿಲ್ಲ, ಅದನ್ನು ಹದಗೊಳಿಸುವ ವಿಧಾನ ಬದಲಾಯಿತು, ಕವಾಟ ದಶಕಗಟ್ಟಲೆ ಬಳಕೆಯಲ್ಲಿತ್ತು. ‘ಸಿಲಿಕೋನ್’ ಎಂಬ ಹೆಸರೊಂದೇ ಭರವಸೆಯಲ್ಲ, ತಯಾರಿಸಿದ ರೀತಿಯನ್ನೂ ಕೇಳಬೇಕು.

ಹಾಗಾದರೆ ಸಿಬ್ಸ್ ಎಲ್ಲಿಗೂ ಸಲ್ಲುತ್ತದೆಯೇ? ಗ್ಲಾಕೋಮಾ ಇರುವ ಕಣ್ಣಿನ ದ್ರವ ಹೊರಹಾಕಲು 8.5 ಮಿಲಿಮೀಟರ್ ಉದ್ದದ ಸಿಬ್ಸ್ ನಳಿಕೆ ಬಳಕೆಯಲ್ಲಿದೆ, ಅದರ ರಂಧ್ರದ ಅಗಲ 70 ಮೈಕ್ರಾನ್. ಅಲ್ಲಿ ಅದಕ್ಕೆ ಹೊರೆಯಿಲ್ಲ. ಹೃದಯ ಕವಾಟದ ಎಸಳಾದರೆ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಾಗಬೇಕು. ಬೇಯಿಸದ ಎಳೆಗಳು ಆ ಒತ್ತಡಕ್ಕೆ ನಿಧಾನವಾಗಿ ಜಗ್ಗುತ್ತವೆ. ಅದಕ್ಕೇ ಕವಾಟಕ್ಕೆಂದು ಸಂಶೋಧಕರು ಎಳೆಗಳ ನಡುವೆ ರಾಸಾಯನಿಕ ಕೊಂಡಿ ಹಾಕಿದ ಇನ್ನೊಂದು ಸಿಬ್ಸ್ ತಯಾರಿಸಬೇಕಾಯಿತು.