ಸುವಾರ್ತೆ ಕಲಿಕೆಗೆ ಮನೆಯೇ ಅಡಿಪಾಯ

ಚೆನ್ನೈ: ಎಗ್ಮೋರ್ ರೈಲು ನಿಲ್ದಾಣದ ಸಮೀಪ ಇರುವ ಸೇಂಟ್ ಆಂಡ್ರ್ಯೂಸ್ ಚರ್ಚ್ 1821ರಲ್ಲಿ ಪೂರ್ಣಗೊಂಡ ಕಟ್ಟಡ. ಅಲ್ಲಿನ ನೆಲ ಸಡಿಲವಾಗಿದ್ದುದರಿಂದ ಎಂಜಿನಿಯರ್ ಡಿ ಹ್ಯಾವಿಲೆಂಡ್ ಅವರು ಸಾಲು ಸಾಲಾಗಿ ಬಾವಿಗಳನ್ನು ಇಳಿಸಿ ಅವುಗಳ ಮೇಲೆ ಕಟ್ಟಡ ಎಬ್ಬಿಸಿದರು. ಗೋಪುರ ದೂರದಿಂದಲೇ ಕಾಣುತ್ತದೆ, ಬಾವಿಗಳು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಮಕ್ಕಳ ಸುವಾರ್ತೆ ಕಲಿಕೆಯೂ ಹಾಗೆಯೇ. ಭಾನುವಾರದ ತರಗತಿ ಎಲ್ಲರಿಗೂ ಕಾಣುತ್ತದೆ, ಅದನ್ನು ಹೊತ್ತು ನಿಲ್ಲುವುದು ಮನೆ.

ವಾರಕ್ಕೆ 168 ಗಂಟೆ. ಅದರಲ್ಲಿ ಸಂಡೇ ಸ್ಕೂಲಿಗೆ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ಅಲ್ಲಿ ಕೇಳಿದ ಕತೆ ಮನೆಯಲ್ಲಿ ಮತ್ತೊಮ್ಮೆ ಮಾತಿಗೆ ಬಾರದಿದ್ದರೆ ಬುಧವಾರದ ಹೊತ್ತಿಗೆ ಮಗುವಿಗೆ ಮರೆತೇ ಹೋಗಿರುತ್ತದೆ.

ಹೊರನಾಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇನ್ನೊಂದು ತೊಡಕೂ ಇದೆ. ಮಗು ಚರ್ಚಿನಲ್ಲಿ ಕೇಳುವುದು ತಮಿಳು ಅಥವಾ ಇಂಗ್ಲಿಷ್. ಅಲ್ಲಿ 'ಸುವಿಶೇಷಂ', 'ಜೆಬಂ' ಎಂದು ಕಲಿತು ಬಂದ ಮೊಮ್ಮಗನಿಗೆ ಅಜ್ಜಿ ಹೇಳುವ 'ಸುವಾರ್ತೆ', 'ಪ್ರಾರ್ಥನೆ' ಬೇರೆಯೇ ಸಂಗತಿ ಎನಿಸಿಬಿಡುತ್ತದೆ. ಅಜ್ಜಿಯ ಸತ್ಯವೇದ ಕಪಾಟಿನಲ್ಲಿ ಇದ್ದರೂ ಓದುವವರಿಲ್ಲ. ಅಕ್ಷರ ತಪ್ಪಿದ ಮನೆಯಲ್ಲಿ ಹಿರಿಯರ ನಂಬಿಕೆಯ ಮಾತು ಕಿರಿಯರಿಗೆ ದಾಟುವ ದಾರಿಯೂ ಕಿರಿದಾಗುತ್ತದೆ.

ಮದರಾಸಿನ ನಂಟು

ಕನ್ನಡ ಬೈಬಲ್ಲಿಗೂ ಈ ನಗರಕ್ಕೂ ಹಳೆಯ ಸಂಬಂಧವಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದಕ್ಕೆ ಕೈಹಾಕಿದಾಗ ಆ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅವರ ಸಹೋದ್ಯೋಗಿ ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ ಮದರಾಸಿನಲ್ಲೇ ಅಚ್ಚಾಯಿತು. 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡಿಗರ ಕೈಸೇರಿತು. 1834ರಲ್ಲಿ ಬಾಸೆಲ್ ಮಿಷನ್ ನೆಲೆಯೂರಿದ ಮಂಗಳೂರು ಕೂಡ 1956ರವರೆಗೆ ಮದರಾಸಿನ ಆಡಳಿತದಲ್ಲೇ ಇತ್ತು. ನಿಘಂಟಿನಿಂದ ಪ್ರಸಿದ್ಧರಾದ ಕಿಟೆಲ್ ಅವರು 1862ರಲ್ಲಿ ಪ್ರಕಟಿಸಿದ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿದರು. ದೂರದೇಶದಿಂದ ಬಂದವರು ಇಷ್ಟು ಶ್ರಮಪಟ್ಟು ಕಲಿತ ಭಾಷೆ ನಮ್ಮ ಮಕ್ಕಳಿಗೆ ಮನೆಯಲ್ಲಿ ಪುಕ್ಕಟೆಯಾಗಿ ಸಿಗಬೇಕಲ್ಲವೇ?

ಮಗು ಹೇಳಲಿ, ಹಿರಿಯರು ಕೇಳಲಿ

ಕಲಿಸುವುದೆಂದರೆ ದೊಡ್ಡವರು ಉಪದೇಶಿಸುವುದು, ಚಿಕ್ಕವರು ತಲೆಯಾಡಿಸುವುದು ಎಂದೇನೂ ಇಲ್ಲ. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ 12 ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಅವರ ಮಾತು ಕೇಳುತ್ತಾನೆ, ಪ್ರಶ್ನೆಯನ್ನೂ ಹಾಕುತ್ತಾನೆ. ಮನೆಯಲ್ಲಿಯೂ ಪ್ರಶ್ನೆಗೆ ಜಾಗವಿರಬೇಕು.

'ಇವತ್ತು ಏನು ಕಲಿತೆ?' ಎಂದರೆ 'ಏನಿಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಬದಲಿಗೆ ಭಾನುವಾರದ ಊಟದ ಹೊತ್ತಿಗೆ 'ಆ ಕತೆ ಅಜ್ಜಿಗೆ ಕನ್ನಡದಲ್ಲಿ ಹೇಳು ನೋಡೋಣ' ಎನ್ನಬಹುದು. ತಪ್ಪಿಹೋದ ಮಗನ ಸಾಮ್ಯದಲ್ಲಿ ಅಣ್ಣ ಕೋಪಗೊಂಡು ಹೊರಗೇ ನಿಲ್ಲುತ್ತಾನೆ. ಅವನು ಕೊನೆಗೆ ಒಳಗೆ ಬಂದನೇ ಎಂಬುದನ್ನು ಕತೆ ಹೇಳುವುದಿಲ್ಲ. 'ನೀನಾಗಿದ್ದರೆ ಬರುತ್ತಿದ್ದೆಯಾ?' ಎಂದು ಕೇಳಿದರೆ ಒಡಹುಟ್ಟಿದವರ ಜಗಳದಿಂದ ಹಿಡಿದು ಅಪ್ಪನ ಸಿಟ್ಟಿನವರೆಗೆ ಎಲ್ಲವೂ ಮಾತಿಗೆ ಬರುತ್ತದೆ. ಮಗುವಿಗೆ ಕನ್ನಡ ಪದ ಸಿಗದಿದ್ದಲ್ಲಿ ಅಜ್ಜಿ ಒದಗಿಸಲಿ, ಅಜ್ಜಿಗೆ ತಿಳಿಯದ ತಮಿಳು ಪದವನ್ನು ಮಗು ಬಿಡಿಸಿ ಹೇಳಲಿ. ಇಬ್ಬರೂ ಕಲಿತಂತಾಯಿತು.

ಓದುವ ಅಭ್ಯಾಸಕ್ಕೂ ಸುಲಭದ ಲೆಕ್ಕವಿದೆ. ಮಾರ್ಕನ ಸುವಾರ್ತೆಯಲ್ಲಿ ಇರುವುದು 16 ಅಧ್ಯಾಯ. ದಿನಕ್ಕೊಂದರಂತೆ ಓದಿದರೂ ಮೂರು ವಾರ ಬೇಡ. ಲೂಕನದು 24 ಅಧ್ಯಾಯ. ಡಿಸೆಂಬರ್ 1ರಂದು ಆರಂಭಿಸಿದರೆ ಕ್ರಿಸ್ಮಸ್ ಹಿಂದಿನ ದಿನಕ್ಕೆ ಮುಗಿಯುತ್ತದೆ. ಅಕ್ಷರ ಬಾರದ ಮಗು ಒಂದು ವಚನವನ್ನಾದರೂ ಬಾಯಿಪಾಠ ಮಾಡಿ ಒಪ್ಪಿಸಬಹುದು. ಪರೀಕ್ಷೆಯ ದಿನಗಳಲ್ಲಿ ಐದೇ ನಿಮಿಷ ಸಾಕು, ಆದರೆ ಬಿಡಬಾರದು.

ಇನ್ನು ಮನೆಯಲ್ಲಿ ಕಲಿತದ್ದು ಚರ್ಚಿಗೂ ಹೋಗಬೇಕು. ಮಕ್ಕಳ ಭಾನುವಾರದಂದು, ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಒಂದು ಕನ್ನಡ ಗೀತೆಗೋ ವಾಚನಕ್ಕೋ ಅವಕಾಶ ಕೊಡಿ ಎಂದು ಪೋಷಕರು ಸಭಾಪಾಲಕರನ್ನು ಕೇಳುವುದರಲ್ಲಿ ಸಂಕೋಚವೇಕೆ? ಅಪ್ಪ ಅಮ್ಮ ಮಗುವನ್ನು ಗೇಟಿನಲ್ಲಿ ಇಳಿಸಿ ಹೋಗುವ ಬದಲು ತಿಂಗಳಿಗೊಮ್ಮೆ ತರಗತಿಯಲ್ಲಿ ಕುಳಿತರೆ ಶಿಕ್ಷಕರಿಗೂ ಬಲ ಬರುತ್ತದೆ.

ಈ ಕಾಳಜಿ ಕ್ರೈಸ್ತ ಮನೆಗಳಿಗಷ್ಟೇ ಸೀಮಿತವಲ್ಲ. ವಚನ, ದಾಸರ ಪದಗಳು ಮಕ್ಕಳ ನಾಲಗೆಯಲ್ಲಿ ಉಳಿಯಬೇಕೆಂದು ಬಯಸುವ ಎಲ್ಲ ಹೊರನಾಡ ಕನ್ನಡಿಗರದೂ ಇದೇ ಅಳಲು. ರಜೆಯ ದಿನಗಳಲ್ಲಿ ಅಕ್ಷರಾಭ್ಯಾಸದ ತರಗತಿ ನಡೆಸಲು ಕನ್ನಡ ಸಂಘಗಳು ಮುಂದಾದರೆ ಎಲ್ಲ ಮನೆಗಳಿಗೂ ಉಪಕಾರವಾದೀತು.

ಯುವಕ ತಿಮೊಥೆಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನು ಅವನ ನಂಬಿಕೆಯ ಮೂಲವನ್ನು ನೆನೆಯುವಾಗ ಯಾವ ಗುರುವಿನ ಹೆಸರನ್ನೂ ಎತ್ತುವುದಿಲ್ಲ. ಅವನು ಹೆಸರಿಸುವುದು ಅಜ್ಜಿ ಲೋವಿಯನ್ನು, ತಾಯಿ ಯೂನಿಕೆಯನ್ನು. ಎಗ್ಮೋರಿನ ಕನ್ನಡ ಮನೆಗಳಲ್ಲಿಯೂ ಅಂಥ ಅಜ್ಜಿಯರಿದ್ದಾರೆ. ಅವರ ಸತ್ಯವೇದವನ್ನು ಕಪಾಟಿನಿಂದ ಊಟದ ಮೇಜಿಗೆ ತರುವ ಕೆಲಸ ಈ ಭಾನುವಾರವೇ ಆಗಲಿ.