ಟ್ರೆಡ್‌ಮಿಲ್ ಮುಷ್ಕರ ಹೂಡಿದರೆ?

ಪುಣೆಯಲ್ಲಿ ಮಳೆ ಹಿಡಿಯಿತೆಂದರೆ ಪರ್ವತಿ, ವೇತಾಳ ಟೇಕಡಿಗಳ ವಾಕಿಂಗ್‌ಗೆ ರಜೆ. ಆಗ ಮೂಲೆಯಲ್ಲಿ ಬಟ್ಟೆ ಹೊತ್ತು ನಿಂತ ಟ್ರೆಡ್‌ಮಿಲ್ ನೆನಪಾಗುತ್ತದೆ. ಗುಂಡಿ ಒತ್ತಿದರೆ ಅದು ಅಲುಗುವುದೇ ಇಲ್ಲ! ಯುವಮಿತ್ರರೇ, ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ ನೀವೇ ಒಮ್ಮೆ ಪರೀಕ್ಷಿಸಿ.

ಶುರುವಾಗದಿದ್ದರೆ: ಸೇಫ್ಟಿ ಕೀ ಸರಿಯಾಗಿ ಕೂತಿದೆಯೇ ನೋಡಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಅರ್ಥಿಂಗ್ ಇರುವ 16 ಆಂಪಿಯರ್ ಪ್ಲಗ್ ಬಳಸಿ.

ಬೆಲ್ಟ್ ತಡೆತಡೆದು ಓಡಿದರೆ: ಪ್ಲಗ್ ಕಿತ್ತು, ಬೆಲ್ಟಿನಡಿ ಕೈಯಾಡಿಸಿ. ಒಣಗಿದ್ದರೆ ಸಿಲಿಕೋನ್ ಎಣ್ಣೆ ಹಾಕಿ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಖಂಡಿತ ಬೇಡ. ಒಣ ಬೆಲ್ಟನ್ನು ಎಳೆಯಲು ಮೋಟಾರು ಹೆಚ್ಚು ಕರೆಂಟು ಬಳಸಿ ಬಿಸಿಯಾಗುತ್ತದೆ. ದುಬಾರಿ ಕಂಟ್ರೋಲ್ ಬೋರ್ಡೂ ಸುಡಬಹುದು.

ಬೆಲ್ಟ್ ಪಕ್ಕಕ್ಕೆ ಸರಿದರೆ: ಯಾರೂ ಹತ್ತದೆ ನಿಧಾನವಾಗಿ ಓಡಿಸಿ. ಎಡಕ್ಕೆ ಸರಿದಿದ್ದರೆ ಹಿಂಬದಿಯ ಎಡ ಬೋಲ್ಟನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಒಂದು ನಿಮಿಷ ಕಾಯಿರಿ. ಬಲಕ್ಕೆ ಸರಿದಿದ್ದರೆ ಬಲ ಬೋಲ್ಟು.

ಸುಟ್ಟ ವಾಸನೆ ಬಂದರೆ ಅಥವಾ ಮುಟ್ಟಿದಾಗ ಶಾಕ್ ಹೊಡೆದರೆ ಮಾತ್ರ ನಿಮ್ಮ ಪ್ರಯೋಗ ಬೇಡ. ಮೇನ್ ಸ್ವಿಚ್ ಆರಿಸಿ ಮೆಕ್ಯಾನಿಕ್‌ನನ್ನೇ ಕರೆಯಿರಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯ ಮಾತು. ಒಂದು ಮಗು ಪ್ರಾಣ ಕಳೆದುಕೊಂಡ ಬಳಿಕ, 2021ರಲ್ಲಿ ಅಮೆರಿಕದ ಪೆಲೊಟಾನ್ ಕಂಪನಿ ಸುಮಾರು 1,25,000 ಟ್ರೆಡ್‌ಮಿಲ್‌ಗಳನ್ನು ವಾಪಸು ಕರೆಯಿತು. ಆದ್ದರಿಂದ ಊರಿಂದ ಅಜ್ಜ-ಅಜ್ಜಿ ಬಂದು ನಡೆಯುವಾಗ ಸೇಫ್ಟಿ ಕೀಯ ದಾರವನ್ನು ಅವರ ಬಟ್ಟೆಗೆ ಸಿಕ್ಕಿಸಿ. ವ್ಯಾಯಾಮ ಮುಗಿದೊಡನೆ ಪ್ಲಗ್ ಕಿತ್ತು, ಕೀ ತೆಗೆದು, ಮನೆಯ ಪುಟಾಣಿಗಳ ಕೈಗೆಟುಕದಂತೆ ಎತ್ತಿಡಿ.