ಪಶ್ಚಿಮೋತ್ತಾನಾಸನದ ಅಭ್ಯಾಸ

ಕುಳಿತು ಮುಂದಕ್ಕೆ ಬಾಗುವ ಆಸನಗಳಲ್ಲಿ ಪಶ್ಚಿಮೋತ್ತಾನಾಸನವು ಪ್ರಮುಖವಾದುದು. ಪೂರ್ವಾಭಿಮುಖವಾಗಿ ನಿಂತವನ ಬೆನ್ನು ಪಶ್ಚಿಮಕ್ಕಿರುತ್ತದೆ. ಹಿಮ್ಮಡಿಯಿಂದ ತಲೆಯವರೆಗೆ ದೇಹದ ಹಿಂಬದಿಯನ್ನು ಹಿಗ್ಗಿಸುವುದರಿಂದ ಈ ಆಸನಕ್ಕೆ ಆ ಹೆಸರು ಬಂದಿದೆ. ಸ್ವಾತ್ಮಾರಾಮನ ‘ಹಠಯೋಗಪ್ರದೀಪಿಕೆ’ಯಲ್ಲಿ ಇದರ ವರ್ಣನೆಯಿದೆ; ಟಿ. ಕೃಷ್ಣಮಾಚಾರ್ಯರು ಮೈಸೂರಿನಲ್ಲಿದ್ದಾಗ ಕನ್ನಡದಲ್ಲಿ ಬರೆದ, 1934ರಲ್ಲಿ ಪ್ರಕಟವಾದ ‘ಯೋಗ ಮಕರಂದ’ದಲ್ಲಿಯೂ ಇದೆ.

ಚಿತ್ರವನ್ನು ನೋಡಿದವರಿಗೆ ಹಣೆಯನ್ನು ಕಾಲಿಗೆ ಮುಟ್ಟಿಸುವುದೇ ಆಸನದ ಗುರಿಯೆಂದು ತೋರುತ್ತದೆ. ಅಪಾಯವಿರುವುದು ಇಲ್ಲಿಯೇ. ತೊಡೆಯ ಹಿಂಬದಿಯ ಸ್ನಾಯುಗಳು, ಕುಳಿತಾಗ ನೆಲಕ್ಕೆ ಒತ್ತುವ ಪೃಷ್ಠದ ಮೂಳೆಯಿಂದ ಹೊರಟು ಮೊಣಕಾಲಿನ ಕೆಳಗೆ ಸೇರುತ್ತವೆ. ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ ಅನೇಕರಲ್ಲಿ ಅವು ಬಿಗಿದಿರುತ್ತವೆ. ಕಾಲು ನೀಡಿ ಕುಳಿತೊಡನೆ ಈ ಸ್ನಾಯುಗಳು ಸೊಂಟದ ಮೂಳೆಗಳನ್ನು ಹಿಂದಕ್ಕೆ ಹಿಡಿದೆಳೆಯುತ್ತವೆ. ಆಗಲೂ ಹಟ ಮಾಡಿ ಬಾಗಿದರೆ, ಸೊಂಟದ ಕೀಲು ತಿರುಗದೆ ಕೆಳಬೆನ್ನು ಬಿಲ್ಲಿನಂತೆ ಬಾಗುತ್ತದೆ. ಬೆನ್ನುಮೂಳೆಗಳ ನಡುವಣ ಮೆತ್ತನೆಯ ಬಿಲ್ಲೆಗಳು ಮುಂಭಾಗದಲ್ಲಿ ಅದುಮಲ್ಪಟ್ಟು, ನರಗಳಿರುವ ಹಿಂಭಾಗದ ಕಡೆಗೆ ಒತ್ತುತ್ತವೆ. ಬೆನ್ನುನೋವು ನೀಗಲೆಂದು ಅಭ್ಯಾಸಕ್ಕೆ ತೊಡಗಿದವರು ನೋವನ್ನು ಹೆಚ್ಚಿಸಿಕೊಳ್ಳುವುದು ಹೀಗೆಯೇ.

ಊಟವಾಗಿ ಮೂರು ನಾಲ್ಕು ಗಂಟೆಗಳಾದ ಮೇಲೆ ಅಭ್ಯಾಸ ಮಾಡತಕ್ಕದ್ದು. ಕಾಲುಗಳನ್ನು ಮುಂದಕ್ಕೆ ಚಾಚಿ, ಪಾದಗಳನ್ನು ಜೋಡಿಸಿ ಕುಳಿತುಕೊಳ್ಳಬೇಕು. ಬೆನ್ನು ನೇರವಾಗಿ ನಿಲ್ಲದಿದ್ದರೆ ಮಡಿಚಿದ ಕಂಬಳಿಯ ಅಂಚಿನ ಮೇಲೆ ಕುಳಿತು ಪೃಷ್ಠವನ್ನು ತುಸು ಎತ್ತರಿಸುವುದು ಅವಶ್ಯ. ಉಸಿರನ್ನು ಒಳಗೆಳೆದುಕೊಳ್ಳುತ್ತ ಬೆನ್ನನ್ನು ಮೇಲಕ್ಕೆ ನೀಳವಾಗಿಸಿ, ಹೊರಬಿಡುತ್ತ ಸೊಂಟದ ಕೀಲಿನಿಂದ ಮುಂದೆ ಬಾಗಬೇಕು. ಮೊದಲು ಹೊಟ್ಟೆ ತೊಡೆಯತ್ತ ಸಾಗಬೇಕು. ತಲೆ ಬಾಗುವುದು ಕೊನೆಗೆ. ಕೈ ಪಾದಕ್ಕೆ ಎಟುಕದಿದ್ದರೆ ಪಾದಕ್ಕೆ ಟವೆಲ್ ಸುತ್ತಿ ಅದರ ತುದಿಗಳನ್ನು ಹಿಡಿಯಬಹುದು. ಮೊಣಕಾಲನ್ನು ತುಸು ಮಡಿಸಿದರೂ ದೋಷವಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿ, 1937ರಿಂದ ಪುಣೆಯಲ್ಲಿ ಯೋಗ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ (1918–2014) ಅವರು ಇಂಥ ಆಸರೆಗಳನ್ನು ಧಾರಾಳವಾಗಿ ಬಳಕೆಗೆ ತಂದರು. ಆಸರೆ ಪಡೆಯುವುದು ಅಭ್ಯಾಸಿಯ ಕೊರತೆಯೇನೂ ಅಲ್ಲ.

ಆರಂಭದಲ್ಲಿ ಐದಾರು ಉಸಿರಾಟಗಳಷ್ಟು ಹೊತ್ತು ನಿಂತರೆ ಸಾಕು. ತೊಡೆಯ ಹಿಂದೆ ಹಿತವಾದ ಎಳೆತ ತೋರುವುದು ಸರಿಯಾದ ಲಕ್ಷಣ. ಮುಂದಿನವರ ಬೆನ್ನನ್ನು ಒತ್ತಿ ಬಗ್ಗಿಸುವ ‘ನೆರವು’ ಮಾತ್ರ ಸರ್ವಥಾ ಕೂಡದು.

ಈ ಆಸನವು ಜಠರಾಗ್ನಿಯನ್ನು ವೃದ್ಧಿಗೊಳಿಸಿ ಉದರವನ್ನು ಕೃಶಗೊಳಿಸುವುದೆಂದು ಪ್ರಾಚೀನ ಗ್ರಂಥವು ಹೇಳುತ್ತದೆ. ಆದರೆ ಆಹಾರದ ಮಿತಿಯಿಲ್ಲದೆ ಆಸನವೊಂದರಿಂದಲೇ ಬೊಜ್ಜು ಕರಗದು. ಇದನ್ನು ನೆಚ್ಚಿ ಮಧುಮೇಹದ ಔಷಧವನ್ನು ನಿಲ್ಲಿಸುವುದಂತೂ ತಪ್ಪು. ಗರ್ಭಿಣಿಯರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಹಳ ಕಾಲವಾಗದವರು, ಹರ್ನಿಯಾ ಅಥವಾ ಬೆನ್ನಿನ ಬಿಲ್ಲೆ ಜಾರಿದ ತೊಂದರೆಯುಳ್ಳವರು ಇದನ್ನು ಬಿಡಬೇಕು. ಮೂಳೆ ಸವೆದ ವೃದ್ಧರಲ್ಲಿ ಬಲವಾಗಿ ಬಾಗುವುದರಿಂದ ಬೆನ್ನುಮೂಳೆಯೇ ಮುರಿಯುವ ಸಂಭವವುಂಟು. ಅಭ್ಯಾಸದ ನಡುವೆ ಸೊಂಟದಿಂದ ಕಾಲಿಗೆ ನೋವು ಹರಿದರೆ ಅಥವಾ ಕಾಲು ಜೋಮು ಹಿಡಿದರೆ ಕೂಡಲೇ ನಿಲ್ಲಿಸಿ, ವೈದ್ಯರಿಗೆ ತೋರಿಸಿದ ಬಳಿಕವೇ ಮುಂದುವರಿಯತಕ್ಕದ್ದು.